ಕಾಲುವೆಗೆ ಬಿಟ್ಟ ಅವ್ವ

ಎಂ.ಎ. ಎರಡನೇ ವರ್ಷಕ್ಕೆ ನಾನು ಅಮೆರಿಕದ ಆರಂಭಕಾಲದ ಇತಿಹಾಸ ಆರಿಸಿಕೊಂಡೆ. ಆರಿಸಿಕೊಂಡೆ ಅನ್ನುವುದೂ ದೊಡ್ಡ ಮಾತೇ; ಬೇರೆ ಪತ್ರಿಕೆಗೆ ಪಾಠ ಹೇಳುವವರೇ ಇರಲಿಲ್ಲ. ದೋರನಹಳ್ಳಿಯ ಹುಡುಗಿ ಗುಲ್ಬರ್ಗಾದ ಹಾಸ್ಟೆಲ್ಲಿನಲ್ಲಿ ಕೂತು, ಕಡಲು ದಾಟಿ ಹೋದ ಪ್ಯೂರಿಟನ್ ಕ್ರೈಸ್ತರ ಪ್ರಾರ್ಥನೆಯ ಜಗಳಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಎಲ್ಲಿಂದೆಲ್ಲಿಗೆ ಅಂತ ನನಗೇ ನಗು ಬರುತ್ತಿತ್ತು.

ಬೇಸಿಗೆಯಲ್ಲಿ ಪರೀಕ್ಷೆಗೆ ಓದಲು ಊರಿಗೆ ಬಂದಾಗ ಆಯಿ, ಅಪ್ಪನ ತಾಯಿ, ಹಾಸಿಗೆ ಹಿಡಿದಿದ್ದಳು. ಡಾಕ್ಟರು ಕೈಚೆಲ್ಲಿದ್ದರು. ಅವಳಿಗೆ ಒಂದೇ ಆಸೆ. ಹಿಂದೆ ನಮ್ಮ ಮನೆಯವರು ಬೌದ್ಧ ದೀಕ್ಷೆ ತೆಗೆದುಕೊಂಡಾಗ, ಗೋಡೆಯ ಮಾಡದಲ್ಲಿದ್ದ ದೇವಿಯನ್ನು ಅಪ್ಪ ಊರ ಹತ್ತಿರದ ಕಾಲುವೆಗೆ ಬಿಟ್ಟು ಬಂದಿದ್ದ. ದೇವಿಯೆಂದರೆ ಅರಿಶಿನ ಮೆತ್ತಿದ, ಮುಷ್ಟಿಯಷ್ಟು ದೊಡ್ಡ ಕಲ್ಲು. ಆಯಿ ಅದನ್ನು ಅವ್ವ ಅನ್ನುತ್ತಿದ್ದಳು. ಈಗ ಕಾಲುವೆಯ ನೀರು ನಿಲ್ಲಿಸಿದ್ದರು.

"ಕೆನಾಲ್ ಬಂದ್ ಆಗ್ಯಾದಂತ. ತಳ ಕಾಣಸ್ತದ. ನಮ್ಮವ್ವನ್ನ ಹುಡಿಕಿ ತಂದು ಕೊಡು. ಒಮ್ಮಿ ಕೈ ಮುಗದು ಹೋಗ್ತೀನಿ," ಅಂದಳು ಆಯಿ ನನಗೆ.

ಅಪ್ಪ ಶಾಲೆಯ ಮಾಸ್ತರ. ಊರ ಗುಡಿಯ ಹೊಸ್ತಿಲ ಹೊರಗೆ ನಿಂತೇ ಬೆಳೆದವನು. "ದೀಕ್ಷಾ ತಗೊಂಡಾಗ ದೇವರಿಗೆ ಕೈ ಮುಗಿಯಂಗಿಲ್ಲಂತ ಆಣಿ ಮಾಡೀನಿ. ಆವತ್ತಿಂದನ ನಾ ತಲಿ ಎತ್ತಿ ನಡದೀನಿ. ಮನ್ಯಾಗ ಮತ್ತ ಆ ಕಲ್ಲು ತರಬ್ಯಾಡ," ಅಂದ. ಅದೂ ಸುಳ್ಳಲ್ಲವಲ್ಲ! ಇಬ್ಬರ ಮೇಲೂ ಸಿಟ್ಟು ಬಂತು. ಬೇರೇನೂ ತೋಚದೆ ಪುಸ್ತಕ ಹಿಡಿದು ಆಯಿ ಮಲಗಿದ್ದ ಹೊರಸಿನ ಪಕ್ಕ ಕೂತೆ.

"ಏನ್ ಓದಾಕತ್ತಿ?" ಅಂದಳು.

ಹೇಳಿದೆ. ತಮಗೆ ಬೇಕಾದಂತೆ ಪ್ರಾರ್ಥನೆ ಮಾಡಲು ಬಿಡಲಿಲ್ಲವೆಂದು ಒಂದಿಷ್ಟು ಜನ ದೇಶ ಬಿಟ್ಟು ಹೋದರು. ಹೋದಲ್ಲಿ, ದೇವರು ನನ್ನ ಜೊತೆ ನೇರವಾಗಿ ಮಾತಾಡುತ್ತಾನೆ ಅಂದ ಒಬ್ಬ ಹೆಂಗಸನ್ನು ಅವರೇ ಊರಾಚೆ ಅಟ್ಟಿದರು.

"ಅವರನ್ನೂ ಹೊರಗ ಹಾಕಿದ್ರಲ್ಲ. ಹೊರಗ ನಿಂತವರಿಗೆ ಗೊತ್ತಿರಬೇಕಿಲ್ಲೇನು?" ಅಂದಳು ಆಯಿ.

ಇದಕ್ಕೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುತ್ತಿದ್ದೆ. ಈಗ ಪುಸ್ತಕ ಮುಚ್ಚಿದೆ. ಪಡಸಾಲೆಯಲ್ಲಿ ಪೇಪರು ಹಿಡಿದಿದ್ದ ಅಪ್ಪ ಹಾಳೆ ತಿರುವಲೇ ಇಲ್ಲ.

ಮರುದಿನ ಅಪ್ಪನೇ ಪ್ಯಾಂಟು ಮಡಚಿ ಕಾಲುವೆಗಿಳಿದ. ನಾನೂ ಇಳಿದೆ. ಅರಿಶಿನ ಎಂದೋ ತೊಳೆದು ಹೋಗಿತ್ತು. ಕೆಸರಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಮುಷ್ಟಿಯಷ್ಟೇ ದೊಡ್ಡ ಕಲ್ಲುಗಳು. ಒಂದೊಂದನ್ನೇ ತೊಳೆದು ತಂದು ಆಯಿಯ ಅಂಗೈಗಿಟ್ಟೆವು. ಹೆಬ್ಬೆರಳಿನಿಂದ ಸವರಿ ನೋಡಿ, "ಇಕಿ ಅಲ್ಲ," ಅನ್ನುತ್ತಿದ್ದಳು. ಅಪ್ಪ ಆ ರಣಬಿಸಿಲಲ್ಲಿ ಮತ್ತೆ ಹೋಗುತ್ತಿದ್ದ.

"ಯಾವ್ದರೆ ಒಂದು ಕೊಟ್ಟು, ಇಕಿನೇ ಅಂತ ಹೇಳಿಬಿಡು," ಅಪ್ಪನಿಗೆ ಅಂದೆ, ಸೋತು.

"ನಮ್ಮವ್ವಗ ಸುಳ್ಳು ಹ್ಯಾಂಗ ಹೇಳ್ಲಿ?" ಅಂದ.

ಒಂದು ಮುಂಜಾನೆ ಕುಡಿಯಲೆಂದು ಕಾಲುವೆಗೆ ನೀರು ಬಿಟ್ಟರು. ಸದ್ದು ಹೊರಸಿನ ತನಕ ಕೇಳುತ್ತಿತ್ತು.

"ನೀರು ಬಂತೇನು?"

"ಬಂತು, ಆಯಿ."

ಅವಳು ಗೋಡೆಯ ಕಡೆ ಹೊರಳಿದಳು. "ನಿಮ್ಮಪ್ಪಗ ಒಳಗ ಬಾ ಅನ್ನು. ಸಾಕು ಹುಡಿಕಿದ್ದು."

ಅಪ್ಪ ಬರಿಗೈಯಲ್ಲಿ, ಕೆಸರುಗಾಲಿನಲ್ಲಿ ನಮ್ಮ ಮನೆಯ ಹೊಸ್ತಿಲ ಹೊರಗೆ ನಿಂತಿದ್ದ. ಕರೆದೆ. ಒಳಗೆ ಬರಲಿಲ್ಲ.