ಗೊಂಬೆ ಹಬ್ಬದಲ್ಲಿ ಬಿಳಿಚಿದ ಹವಳ

ಆ ದಿನ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ನೆನೆಸಿದ ಕಡಲೆಕಾಳನ್ನು ಕುಕ್ಕರಿಗೆ ಹಾಕಿದೆ. ಪಟ್ಟದ ಗೊಂಬೆಗಳ ಹೂ ಬದಲಿಸಿದೆ. ಕುಂಕುಮದ ಬಟ್ಟಲು ತುಂಬಿ ಎಲೆ ಅಡಿಕೆ ಜೋಡಿಸಿದೆ. ಕೊನೆಗೆ ಗೊಂಬೆ ಮೆಟ್ಟಿಲಿನ ಪಕ್ಕದ ಉಪ್ಪುನೀರಿನ ಅಕ್ವೇರಿಯಂಗೆ, ಆವಿಯಾಗಿ ಇಳಿದಷ್ಟು ಸಿಹಿನೀರು ಸುರಿದು ಗಾಜಿನ ಪಾಚಿ ಉಜ್ಜತೊಡಗಿದೆ. ಅಲ್ಲಿ ಕೈ ನಿಂತಿತು. ಒಳಗಿದ್ದ ಹವಳ ಬಿಳಿಚಿಕೊಂಡಿತ್ತು.

ಅಕ್ವೇರಿಯಂ ತಂದವರು ನಮ್ಮ ಮನೆಯವರು, ಸಾಕಿದವಳು ನಾನು. ಒಂದೂವರೆ ಅಡಿಯ ಗಾಜಿನ ಪೆಟ್ಟಿಗೆಗೆ, ಅದರ ಎರಡರಷ್ಟಕ್ಕೆ ಸಾಕಾಗುವ ಲೈಟನ್ನು ಹೊತ್ತು ತಂದಿದ್ದರು. ಬೆಳಕಿನ ಬಗ್ಗೆ ಅವರ ತಿಳುವಳಿಕೆಯೆಲ್ಲ ಕಲ್ಯಾಣ ಮಂಟಪದ್ದು. ವಿಡಿಯೋದವನು ಹೆಣ್ಣು ಗಂಡಿನ ಕಣ್ಣಿಗೆ ಬಿಡುತ್ತಾನಲ್ಲ, ಅಷ್ಟಿದ್ದರೇ ಅವರಿಗೆ ಸಂಭ್ರಮ. ನಾನು ಅದನ್ನು ಕಾಲು ಭಾಗಕ್ಕೆ ಇಳಿಸಿ ಇಟ್ಟಿದ್ದೆ. ಆ ಅಳತೆ ಹೇಳಿಕೊಟ್ಟದ್ದು ಹವಳವೇ. ಕಾಲು ಭಾಗದಲ್ಲಿ ಕಲ್ಲಿಗಂಟಿದ ಅದರ ಕಂದು ಹಸಿರು ತಟ್ಟೆಗಳು ಹಪ್ಪಳದಂತೆ ಅರಳುತ್ತಿದ್ದವು. ಅರ್ಧಕ್ಕೆ ಏರಿಸಿದ ದಿನ ಮುದುಡಿದವು. ತೀರ ಇಳಿಸಿದರೆ ಬೆಳಕಿಗಾಗಿ ಕತ್ತು ಚಾಚುತ್ತಿದ್ದವು. ಇಷ್ಟು ತಿಳಿಯಲು ಬೇಕಾದದ್ದು ಕಣ್ಣು ಮತ್ತು ತಾಳ್ಮೆ. ನಮ್ಮವರ ಹತ್ತಿರ ಒಳ್ಳೆಯ ಕನ್ನಡಕ ಇತ್ತು.

ಗೊಂಬೆ ಕೂರಿಸಿದ ಕೋಣೆಯಲ್ಲಿ ಕತ್ತಲಿರಬಾರದು ಎಂಬುದು ಅತ್ತೆಯ ಕಾಲದ ಪದ್ಧತಿ. ಅದಕ್ಕೆ ಎಣ್ಣೆ ದೀಪವಿದೆ, ಸೀರಿಯಲ್ ಸೆಟ್ ಇದೆ. ನಮ್ಮವರು ಅದೇ ನೆಪ ಹಿಡಿದು ಅಕ್ವೇರಿಯಂ ಲೈಟನ್ನೂ ಪೂರ್ತಿ ಏರಿಸಿ, ನವರಾತ್ರಿಯ ಮೊದಲ ದಿನದಿಂದಲೇ ಬೆಳಗಿನಿಂದ ರಾತ್ರಿಯವರೆಗೆ ಉರಿಸುತ್ತಿದ್ದರು. ನಾನು ಇಳಿಸುವುದು, ಅವರು ಏರಿಸುವುದು. ನಾನು ಕುಂಕುಮಕ್ಕೆಂದು ಬನಶಂಕರಿ, ಜೆ.ಪಿ. ನಗರ ಸುತ್ತುತ್ತಿದ್ದ ಸಂಜೆಗಳಲ್ಲಿ ಗೆದ್ದವರು ಅವರೇ.

ಹವಳದ ಮೈಯೊಳಗೆ ಪಾಚಿಯಂಥ ಸೂಕ್ಷ್ಮ ಜೀವಗಳಿರುತ್ತವೆ. ಬೆಳಕಿನಲ್ಲಿ ಅವು ಮಾಡುವ ಅಡುಗೆಯೇ ಹವಳದ ಊಟ, ಅವುಗಳ ಬಣ್ಣವೇ ಹವಳದ ಬಣ್ಣ. ಬೆಳಕು ಮಿತಿ ಮೀರಿದರೆ ಹವಳ ಆ ಅಡುಗೆಯವರನ್ನೇ ಹೊರಗೆ ಹಾಕಿ, ಬೆಳ್ಳಗಾಗಿ ಉಪವಾಸ ಬೀಳುತ್ತದೆ. ಬೆಳಿಗ್ಗೆ ಇದನ್ನೆಲ್ಲ ಹೇಳಿದೆ. ಹಬ್ಬ ಮುಗಿಯಲಿ, ಆಮೇಲೆ ನೋಡೋಣ ಎಂದರು. ಸಾವು ಕೂಡ ವಿಜಯದಶಮಿ ಕಳೆಯುವವರೆಗೆ ಗೇಟಿನಾಚೆ ಕಾಯುತ್ತದೆ ಎಂಬ ಧೈರ್ಯ.

ಸಂಜೆ ಕುಮಾರಸ್ವಾಮಿ ಲೇಔಟ್‌ನಿಂದ ಅವರ ಚಿಕ್ಕಮ್ಮ ಬಂದರು. ಬೆಲ್ ಆಗುತ್ತಲೇ ನಮ್ಮವರು, ನಾನು ಇಳಿಸಿದ್ದ ಲೈಟನ್ನು ಮತ್ತೆ ಏರಿಸಿದರು. ಚಿಕ್ಕಮ್ಮ ಗೊಂಬೆ ಬಿಟ್ಟು ಗಾಜಿಗೆ ಮುಖ ತಂದರು.

“ಏನೋ ಇದು, ಮಲ್ಲಿಗೆ ಮೊಗ್ಗಿನ ಥರ ಬೆಳ್ಳಗೆ?”

“ಲೈಟ್ ಎಫೆಕ್ಟು, ಚಿಕ್ಕಮ್ಮ,” ಎಂದರು ನಮ್ಮವರು, ಎದೆಯುಬ್ಬಿಸಿ.

“ಲೈಟ್ ಎಫೆಕ್ಟೇ,” ಎಂದೆ ನಾನು, ಎಲೆ ಅಡಿಕೆ ಕೊಡುತ್ತಾ. “ಹೋದ ವಾರ ಕಂದು ಹಸಿರು ಇತ್ತು. ಇವರು ಸುಟ್ಟು ಹಿಂಗಾಗಿದೆ. ಬದುಕತ್ತೋ ಇಲ್ವೋ.”

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಅವರತ್ತ ತಿರುಗಿದರು. “ಗೊಂಬೆ ಮುಂದೆ ಜೀವ ತೆಗೀತಿದೀಯೇನೋ? ಮೊದಲು ಆ ಲೈಟು ಶಾಂತ ಮಾಡು.”

ಅಷ್ಟು ದಿನ ನನ್ನ ಮಾತಿಗೆ ಅಲುಗದ ಕೈ ತಕ್ಷಣ ಬಟನ್ ಒತ್ತಿ ಆರಿಸಿತು. ತಿಳುವಳಿಕೆ ಬಂದದ್ದಲ್ಲ, ಬೈಸಿಕೊಂಡದ್ದು. ನಾನು ಹವಳದ ಕಲ್ಲನ್ನು ಕೆಳಗಿನ ನೆರಳಿಗೆ ಸರಿಸಿ, ಮರುದಿನದಿಂದ ಬೆಳಕನ್ನು ಕಾಲು ಭಾಗಕ್ಕಿಂತಲೂ ಕೆಳಗಿಟ್ಟೆ. ಒಂದು ತಟ್ಟೆಯ ಅಂಚಿನಲ್ಲಿ ಕಂದು ಗೆರೆ ಇನ್ನೂ ಉಳಿದಿತ್ತು. ದೀಪಾವಳಿ ಕಳೆದ ಮೇಲೆ ಆ ಗೆರೆ ಹರಡಿತು. ಎರಡು ತಟ್ಟೆ ಕರಗಿ ಹೋದವು, ಮಿಕ್ಕವು ಬಣ್ಣ ಕಟ್ಟಿದವು. ಅದಕ್ಕೂ ತಾವು ತಂದ ಲೈಟೇ ಕಾರಣ ಎಂದು ನಮ್ಮವರು ಬಂದವರಿಗೆಲ್ಲ ಹೇಳುತ್ತಾರೆ.

ಚಿಕ್ಕಮ್ಮ ಬಂದುಹೋದ ಆ ರಾತ್ರಿ ಊಟಕ್ಕೆ ಅನ್ನ, ತಿಳಿಸಾರು, ಮಿಕ್ಕಿದ ಕಡಲೆಕಾಳು ಉಸಲಿ. ಮೊದಲು ಮಲಗಿದ್ದು ಹವಳ, ಎಷ್ಟೋ ದಿನದ ಮೇಲೆ ಹೊತ್ತಿಗೆ ಸರಿಯಾಗಿ. ಆಮೇಲೆ ನಮ್ಮವರು, ರೂಮಿನ ಲೈಟು ಕಣ್ಣಿಗೆ ಹೊಡೆಯುತ್ತದೆ, ಆಫ್ ಮಾಡು ಎಂದು ಗೊಣಗಿ.