ಚೆಸ್ ಲ್ಯಾಪ್‌ಟಾಪ್ ಆರಿಸಿಕೊಟ್ಟವರು

ನನ್ನ ಮೊಮ್ಮಗಳು ಚೆಸ್‌ನಲ್ಲಿ ರಾಜ್ಯ ತಂಡಕ್ಕೆ ಆಯ್ಕೆಯಾದಳು! ಹಿಂದೆ ಅವಳ ಅಭ್ಯಾಸಕ್ಕೆ ಲ್ಯಾಪ್‌ಟಾಪ್ ಕೊಳ್ಳುವಾಗ ಗೋಪನಕೊಪ್ಪದ ಕಂಪ್ಯೂಟರ್ ರಿಪೇರಿಯವರನ್ನು ಕರೆದೊಯ್ದಿದ್ದೆ. ಕಿವಿಗೆ ಸಿಕ್ಕಿಸಿದ ಸಣ್ಣ ಸ್ಕ್ರೂಡ್ರೈವರ್, ಬಾಯಲ್ಲಿ ಒಂದೇ ಮಾತು: “ಕೈ ಇಟ್ಟು ನೋಡ್ರಿ.”

ಅಂಗಡಿಯವನು ತೆಳ್ಳಗಿನದೊಂದು, ದಪ್ಪನೆಯದೊಂದು ಲ್ಯಾಪ್‌ಟಾಪ್ ಮುಂದಿಟ್ಟು ತೆಳ್ಳಗಿನದನ್ನೇ ಹೊಗಳಿದ. ನಾನು ಅನುಮಾನಿಸಿದ್ದಕ್ಕೆ ನಕ್ಕ: “ಪ್ರೊಸೆಸರ್ ಬಗ್ಗೆ ನಿಮಗೇನ್ ತಿಳೀತದ, ಅಜ್ಜಿ?”

“ಎರಡರಾಗೂ ಅರ್ಧ ತಾಸು ಚೆಸ್ ಓಡಸ್ರಿ. ಆಮ್ಯಾಲ ಅಮ್ಮಾರು ಕೈ ಇಟ್ಟು ಹೇಳ್ತಾರ,” ಎಂದು ರಿಪೇರಿಯವರು ಸ್ಟೂಲ್ ಎಳೆದು ಕುಳಿತೇಬಿಟ್ಟರು.

ಅರ್ಧ ತಾಸಿಗೆ ತೆಳ್ಳಗಿನದು ಕೈ ಸುಡುವಷ್ಟು ಕಾದು ನಿಧಾನವಾಯಿತು. ದಪ್ಪನೆಯದರ ಪ್ರೊಸೆಸರ್ ಮಾತ್ರ ಅದೇ ವೇಗದಲ್ಲಿ ಓಡಿತು.

“ಇದರ ಮ್ಯಾಲ ರೊಟ್ಟಿ ಸುಡಬಹುದು, ಚೆಸ್ ಆಡಾಕ ಬರೂದಿಲ್ಲ, ತಮ್ಮಾ!” ಎಂದೆ. ದಪ್ಪನೆಯದನ್ನೇ ತಂದೆವು.

ಆ ರಿಪೇರಿಯವರು ಈಗ ಊರು ಬಿಟ್ಟು ಹೋಗಿದ್ದಾರೆ. ಇಂದು ಸಂಜೆ ಆಯ್ಕೆಯ ಖುಷಿಗೆ ಮನೆಮಂದಿಯೆಲ್ಲ ಹೋಳಿಗೆ ಉಣ್ಣುವಾಗ ಮೊಮ್ಮಗಳು, “ಅಜ್ಜಿ, ಅವ್ರು ಇರಬೇಕಿತ್ತು,” ಎಂದಳು.

“ಅವರ ಪಾಲಿಂದೂ ನೀನ ಉಣ್ಣು,” ಎಂದು ಇನ್ನೊಂದು ಹಾಕಿದೆ.