ಚುರ್ ಅನ್ನದ ಪೈಪು

2001ರಲ್ಲಿ, ಏಳನೇ ಕ್ಲಾಸಿಗೇ ಓದು ಬಿಟ್ಟವನು ನಾನು. ಎಂಜಿನ್ನು ಕೈಯಿಂದಲೇ ಕಲಿತೆ. ಇವತ್ತು ಬೆಳಗ್ಗೆ ತೂಬಗೆರೆಯ ದೋಸೆ ಅಂಗಡಿ ಮುಂದೆ, ರಾತ್ರಿಯೆಲ್ಲ ಚಳಿಯಲ್ಲಿ ನಿಂತಿದ್ದ ವ್ಯಾನು ಸ್ಟಾರ್ಟ್ ಆದರೂ ಗಡಗಡ ನಡುಗಿತು. ಹಿಂದೆ ಗುಲಾಬಿ ತುಂಬಿತ್ತು. ಬಿಸಿಲೇರುವ ಮುಂಚೆ ಮಾರ್ಕೆಟ್ ಸೇರದಿದ್ದರೆ ಯಾರೂ ಮುಟ್ಟಲ್ಲ. ಕಲಬೆರಕೆ ಪೆಟ್ರೋಲು ಅಂತ ಬೈದೆ.

ದೋಸೆ ಹಾಕುವ ಗೌರಮ್ಮ ಚೊಂಬು ಹಿಡಿದು ಬಂದರು. “ಯಾವ ಪೈಪು ಕಾದಿಲ್ಲ ನೋಡು.”

“ಇದು ನಿಮ್ಮ ಕಾವಲಿಯಲ್ಲ ಕಣಮ್ಮ.”

“ಲಾರಿ ಓಡಿಸ್ತಿದ್ದ ನಮ್ಮೆಜಮಾನ್ರು ನನ್ನ ಕಾವಲಿ ನೋಡೇ ಕಲಿತಿದ್ದು. ಸುಮ್ನಿರಪ್ಪಾ.”

ಎಂಜಿನ್ನಿನ ನಾಲ್ಕು ಸಿಲಿಂಡರಿನಿಂದ ಹೊಗೆ ಹೋಗುವ ನಾಲ್ಕು ಪೈಪಿಗೂ ನೀರು ಚಿಮುಕಿಸಿದರು. ಮೂರು ಚುರ್ ಅಂದವು, ಒಂದು ಸುಮ್ಮನಿತ್ತು. ಆ ಸಿಲಿಂಡರು ಉರಿಯುತ್ತಲೇ ಇರಲಿಲ್ಲ, ಅದರ ಸ್ಪಾರ್ಕ್ ಪ್ಲಗ್ಗು ಮಸಿ ಹಿಡಿದಿತ್ತು. ಬದಲಾಯಿಸಿದೆ.

ದೊಡ್ಡಬಳ್ಳಾಪುರದ ರೈಲ್ವೆ ಗೇಟಿನಲ್ಲಿ ನಿಂತು ಬರೆಯುತ್ತಿದ್ದೇನೆ. ಈಗ ಓಡುವ ಸಿಲಿಂಡರು ನಾಲ್ಕು, ಬಾಡದ ಗುಲಾಬಿ ಹನ್ನೆರಡು ಬುಟ್ಟಿ.